ಗಡಿಯಾರವಿತ್ತು, ಕಾತರವಿರಲಿಲ್ಲ: ‘24’ ಸರಣಿಯ ಮರುಹುಟ್ಟು ಸೋತದ್ದೆಲ್ಲಿ

2017ರ ಫೆಬ್ರವರಿ 5ರ ರಾತ್ರಿ ಅಮೆರಿಕದ ಫಾಕ್ಸ್ ವಾಹಿನಿಗೆ, ಆ ದೇಶದ ಟಿವಿ ಉದ್ಯಮದಲ್ಲಿ ವರ್ಷಕ್ಕೊಮ್ಮೆ ಒಬ್ಬರಿಗೆ ಮಾತ್ರ ದಕ್ಕುವ ಅವಕಾಶವೊಂದು ಸಿಕ್ಕಿತ್ತು. ಅಮೆರಿಕನ್ ಫುಟ್‌ಬಾಲಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಅನ್ನು ಆ ಸಲ ಸುಮಾರು 11 ಕೋಟಿ ಜನ ನೋಡಿದ್ದರು. ಪಂದ್ಯ ಮುಗಿದೊಡನೆ, ಯಾರೂ ರಿಮೋಟಿಗೆ ಕೈಹಾಕುವ ಮೊದಲೇ ಶುರುವಾಗುವ ಕಾರ್ಯಕ್ರಮಕ್ಕೆ ಈ ಜನರಲ್ಲಿ ಒಂದು ಪಾಲು ಪುಕ್ಕಟೆಯಾಗಿ ದೊರೆಯುತ್ತದೆ ಎಂಬುದು ವಾಹಿನಿಗಳ ಹಳೆಯ ಲೆಕ್ಕಾಚಾರ. ಆ ಜಾಗಕ್ಕೆ ಫಾಕ್ಸ್ ಆರಿಸಿಕೊಂಡದ್ದು ತನ್ನದೇ ಹಳೆಯ ಜನಪ್ರಿಯ ಥ್ರಿಲ್ಲರ್ ‘24’ರ ಮರುಹುಟ್ಟಾದ ‘24: ಲೆಗಸಿ’ಯನ್ನು. ಸೂಪರ್ ಬೌಲ್ ಇತಿಹಾಸದಲ್ಲೇ ಮೊದಲ ಬಾರಿಗೆ ಪಂದ್ಯ ಹೆಚ್ಚುವರಿ ಅವಧಿಗೆ ಹೋದದ್ದರಿಂದ ಪೂರ್ವ ತೀರದಲ್ಲಿ ಮೊದಲ ಸಂಚಿಕೆ ಶುರುವಾಗುವ ಹೊತ್ತಿಗೆ ರಾತ್ರಿ 11ರ ಸುಮಾರಾಗಿತ್ತು. ಆದರೂ ಹತ್ತಿರಹತ್ತಿರ 1.76 ಕೋಟಿ ಜನ ಎದ್ದು ಹೋಗದೆ ಕುಳಿತಿದ್ದರು. ಮರುದಿನವೇ ಎರಡನೆಯ ಸಂಚಿಕೆ ಅದರದೇ ಆದ ವೇಳೆಯಲ್ಲಿ ಪ್ರಸಾರವಾದಾಗ ಉಳಿದವರು ಸುಮಾರು 60 ಲಕ್ಷ. 12 ಸಂಚಿಕೆಗಳು ಹೇಗೋ ಮುಗಿದವು. ಅದೇ ಜೂನ್ ತಿಂಗಳಲ್ಲಿ ವಾಹಿನಿ ಸರಣಿಯನ್ನು ಕೈಬಿಟ್ಟಿತು.

ಸೂಪರ್ ಬೌಲ್ ನಂತರದ ಗುಂಪು ಮರುದಿನಕ್ಕೆ ಕರಗುವುದು ಹೊಸದೇನಲ್ಲ. ಆದ್ದರಿಂದ ಆ ಇಳಿಕೆಯೊಂದನ್ನೇ ಹಿಡಿದು ತೀರ್ಪು ಕೊಡುವುದು ನ್ಯಾಯವಾಗದು. ಗಮನಿಸಬೇಕಾದದ್ದು, ಉಳಿದ 60 ಲಕ್ಷ ಜನರಲ್ಲಿ ದೊಡ್ಡ ಪಾಲು ಹಳೆಯ ಸರಣಿಯ ಕಟ್ಟಾ ಅಭಿಮಾನಿಗಳೇ ಆಗಿದ್ದಿರಬೇಕು ಎಂಬುದನ್ನು, ಮತ್ತು ಬೇಸರದ ಮಾತುಗಳು ಹೆಚ್ಚಾಗಿ ಬಂದದ್ದೂ ಅವರಿಂದಲೇ ಎಂಬುದನ್ನು. ಇಷ್ಟಪಟ್ಟು ಮರಳಿ ಬಂದವರು ಏಕೆ ನಿರಾಸೆಗೊಂಡರು? ಇದಕ್ಕೆ ಎಲ್ಲರೂ ಕೊಡುವ ಉತ್ತರ ಒಂದೇ: ಜ್ಯಾಕ್ ಬಾವರ್ ಇರಲಿಲ್ಲ. ಕೀಫರ್ ಸದರ್ಲೆಂಡ್ ಎಂಟು ಸೀಸನ್‌ಗಳ ಕಾಲ ಹೆಗಲ ಮೇಲೆ ಹೊತ್ತ ಆ ಭಯೋತ್ಪಾದನೆ ನಿಗ್ರಹ ಅಧಿಕಾರಿಯ ಪಾತ್ರವನ್ನು ಬದಿಗಿರಿಸಿ, ಕೋರಿ ಹಾಕಿನ್ಸ್ ನಟಿಸಿದ ಎರಿಕ್ ಕಾರ್ಟರ್ ಎಂಬ ಮಾಜಿ ಸೈನಿಕನನ್ನು ಮುಂದಿಟ್ಟರೆ ಜನ ಹೇಗೆ ಒಪ್ಪುತ್ತಾರೆ ಎನ್ನುವುದು ಆ ವಾದ. ನನಗೆ ಇದು ಅರ್ಧ ಸತ್ಯವಾಗಿ ಕಾಣುತ್ತದೆ, ಮತ್ತು ಈ ಅರ್ಧ ಸತ್ಯದ ನೆರಳಿನಲ್ಲಿ ನಿಜವಾದ ಕಾರಣ ಅಡಗಿ ಕೂತಿದೆ.

ಏಕೆಂದರೆ ಜ್ಯಾಕ್ ಬಾವರ್ ಇದ್ದಾಗಲೂ ಜನ ಬೇಸತ್ತದ್ದುಂಟು. 2007ರಲ್ಲಿ ಪ್ರಸಾರವಾದ ಆರನೆಯ ಸೀಸನ್ನಿನಲ್ಲಿ ಅವನು ಮೊದಲಿನಿಂದ ಕೊನೆಯವರೆಗೆ ತೆರೆಯ ಮೇಲೆ ಇದ್ದ. ನಾಲ್ಕನೆಯ ಸಂಚಿಕೆ ಮುಗಿಯುವಷ್ಟರಲ್ಲಿ ಲಾಸ್ ಏಂಜಲೀಸ್ ಪಕ್ಕದ ವಲೆನ್ಸಿಯಾದಲ್ಲಿ ಅಣುಬಾಂಬೇ ಸ್ಫೋಟಿಸಿತ್ತು. ಖಳರ ಸಾಲಿನಲ್ಲಿ ಅವನ ಸ್ವಂತ ತಂದೆ ಮತ್ತು ತಮ್ಮ ಇದ್ದರು. ಇಷ್ಟೆಲ್ಲ ಇದ್ದೂ ಆ ಸೀಸನ್ ಇಡೀ ಸರಣಿಯಲ್ಲಿ ಹೆಚ್ಚು ಬೈಸಿಕೊಂಡವುಗಳಲ್ಲಿ ಒಂದು. 2014ರಲ್ಲಿ ಲಂಡನ್ನನ್ನು ನೆಲೆಯಾಗಿಸಿಕೊಂಡ ‘24: ಲಿವ್ ಅನದರ್ ಡೇ’ ಬಂದಾಗಲೂ ಅವನೇ ನಾಯಕ, ಮೊದಲ ರಾತ್ರಿ ನೋಡಿದವರು ಸುಮಾರು 80 ಲಕ್ಷ. ಅದನ್ನು ಮೆಚ್ಚಿದವರು ಬಹಳ, ಆದರೆ ಮೊದಲ ಐದು ಸೀಸನ್‌ಗಳ ಹಸಿವು ಅಲ್ಲಿ ಮರಳಲಿಲ್ಲ. ಹಾಗಾದರೆ ಕಳೆದುಹೋದದ್ದು ನಾಯಕನಲ್ಲ, ಬೇರೆ ಏನೋ. ಅದನ್ನು ಹುಡುಕಬೇಕಾದರೆ ‘24’ ತನ್ನ ವೀಕ್ಷಕರೊಡನೆ ಮಾಡಿಕೊಂಡಿದ್ದ ಒಪ್ಪಂದವನ್ನು ಮತ್ತೊಮ್ಮೆ ಬಿಡಿಸಿ ನೋಡಬೇಕು.

ಜೋಯಲ್ ಸರ್ನೋ ಮತ್ತು ರಾಬರ್ಟ್ ಕಾಕ್ರನ್ ರೂಪಿಸಿದ ಈ ಸರಣಿ ಶುರುವಾದದ್ದು 2001ರ ನವೆಂಬರ್ 6ರಂದು. ಒಂದು ಸೀಸನ್ ಎಂದರೆ ಒಂದು ದಿನ, ಒಂದು ಸಂಚಿಕೆ ಎಂದರೆ ಒಂದು ತಾಸು, ಆ ತಾಸಿನಲ್ಲಿ ನಡೆಯುವುದೆಲ್ಲ ನಮ್ಮ ಗಡಿಯಾರದ ವೇಗದಲ್ಲೇ ನಡೆಯಬೇಕು. ಹೇಳಲು ಸರಳವಾದ ಈ ನಿಯಮ ಬರೆಯುವವರ ಕೈಕಾಲು ಕಟ್ಟಿಹಾಕುವಂಥದ್ದು. ಪಾತ್ರವೊಂದು ಮಲಗಿ ಬೆಳಿಗ್ಗೆ ಏಳುವಂತಿಲ್ಲ, ‘ಮೂರು ದಿನಗಳ ನಂತರ’ ಎಂದು ಕಥೆಯನ್ನು ನೂಕುವಂತಿಲ್ಲ, ಊರಿನ ಒಂದು ತುದಿಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ಆ ದಾರಿಗೆ ಬೇಕಾದ ನಿಮಿಷಗಳನ್ನು ಎಲ್ಲಿಂದಾದರೂ ಹೊಂದಿಸಬೇಕು. ಅದನ್ನು ಹೊಂದಿಸುತ್ತಿದ್ದದ್ದು ಜಾಹೀರಾತುಗಳು. ಸಂಚಿಕೆಯ ಅಸಲು ಉದ್ದ 43 ನಿಮಿಷದ ಆಸುಪಾಸು. ಉಳಿದ ನಿಮಿಷಗಳಲ್ಲಿ ನಾವು ಸೋಪಿನ, ಕಾರಿನ ಜಾಹೀರಾತು ನೋಡುತ್ತಿದ್ದಾಗ ಜ್ಯಾಕ್ ಬಾವರ್ ಹೆದ್ದಾರಿಯಲ್ಲಿ ಇರುತ್ತಿದ್ದ. ವಾಹನ ದಟ್ಟಣೆಗೆ ಹೆಸರಾದ ಲಾಸ್ ಏಂಜಲೀಸನ್ನು ಅವನು ಒಂದೇ ವಿರಾಮದಲ್ಲಿ ದಾಟಿಬಿಡುತ್ತಾನೆ ಎಂಬ ತಮಾಷೆಯೂ, 24 ತಾಸು ಊಟವಿಲ್ಲ, ಶೌಚವಿಲ್ಲ ಎಂಬ ತಮಾಷೆಯೂ ಅಭಿಮಾನಿಗಳ ನಡುವೆ ವರ್ಷಗಟ್ಟಲೆ ಓಡಾಡಿದವು. ಆದರೆ ವಿರಾಮಕ್ಕೆ ಮುನ್ನ ಗಡಿಯಾರದ ಅಂಕಿಗಳು ಬಡಿದುಕೊಳ್ಳುತ್ತ ಮೂಡಿ, ವಿರಾಮ ಮುಗಿದಾಗ ಮೂರ್ನಾಲ್ಕು ನಿಮಿಷ ಮುಂದೆ ಹೋಗಿ ನಿಂತಿರುವುದನ್ನು ಕಂಡಾಗ, ನಾವು ನೋಡದಿದ್ದರೂ ಅಲ್ಲಿ ಬದುಕು ನಡೆದೇ ಇತ್ತು ಎಂಬ ಭಾವ ಹುಟ್ಟುತ್ತಿತ್ತು. ಜಾಹೀರಾತನ್ನೇ ಕಥೆಯ ಒಳಗೆ ಎಳೆದುಕೊಂಡ ಧಾರಾವಾಹಿ ಇನ್ನೊಂದಿದ್ದರೆ ನಾನು ಕಂಡಿಲ್ಲ.

ಆ ಗಡಿಯಾರದ ಅತಿ ದೊಡ್ಡ ಬಳಕೆ ಮಾತ್ರ ಅದು ಸದ್ದು ಮಾಡದಿದ್ದಾಗ ಆಯಿತು. ಮೊದಲ ಸೀಸನ್ನಿನ ಕೊನೆಯಲ್ಲಿ, ಇಡೀ ದಿನ ಹೆಂಡತಿ ಮಗಳನ್ನು ಉಳಿಸಿಕೊಳ್ಳಲು ಓಡಿದ ಜ್ಯಾಕ್, ತನ್ನದೇ ಕಚೇರಿಯ ಕೋಣೆಯೊಂದರಲ್ಲಿ ಹೆಂಡತಿ ಟೆರಿಯ ಹೆಣವನ್ನು ಕಾಣುತ್ತಾನೆ. ಕೊಂದವಳು ಅವನ ಸಹೋದ್ಯೋಗಿ, ಒಂದು ಕಾಲದಲ್ಲಿ ಅವನೊಡನೆ ಸಂಬಂಧವಿದ್ದ ನೀನಾ ಮೈಯರ್ಸ್. ಅವನು ಅವಳನ್ನು ತೋಳಲ್ಲಿ ಹಿಡಿದು ಕೂತಿರುವಾಗ ಗಡಿಯಾರ ಮೂಡುತ್ತದೆ. ಎಂದಿನ ಬಡಿತದ ಸದ್ದಿಲ್ಲದೆ ಅಂಕಿಗಳು ಮಾತ್ರ ಮೌನವಾಗಿ ಸರಿಯುತ್ತವೆ. ನಾಯಕ ಗೆದ್ದೂ ಸೋಲುವ ಈ ಕೊನೆ ಆ ಕಾಲದ ಅಮೆರಿಕನ್ ವಾಹಿನಿಗಳಲ್ಲಿ ಅಪರೂಪ. ಅಲ್ಲಿಂದ ಮುಂದೆ ಮೌನದ ಗಡಿಯಾರ ಒಂದು ಭಾಷೆಯೇ ಆಯಿತು. ಐದನೆಯ ಸೀಸನ್ನಿನಲ್ಲಿ ವಿಷಾನಿಲ ಕಚೇರಿಯನ್ನು ತುಂಬಿದಾಗ, ಜ್ಯಾಕ್‌ನ ಸಹೋದ್ಯೋಗಿ ಕ್ಲೋಯಿ ಓಬ್ರಿಯನ್ ಗಾಜಿನ ಈಚೆಗೆ ನಿಂತು ನೋಡುತ್ತಿರುವಂತೆಯೇ ಆಚೆಗೆ ಎಡ್ಗರ್ ಎಂಬ ಸಾಧಾರಣ ಗುಮಾಸ್ತನಂಥ ಮನುಷ್ಯ ಅವಳ ಹೆಸರು ಹಿಡಿದು ಕುಸಿಯುತ್ತಾನೆ. ಅವನಿಗೂ ಆ ಮೌನ ಸಂದಿತು. ಅದೇ ಸೀಸನ್ನಿನಲ್ಲಿ ಜ್ಯಾಕ್‌ನ ಹಳೆಯ ಸಹೋದ್ಯೋಗಿ ಟೋನಿ ಅಲ್ಮೇಡಾ ಸತ್ತಂತೆ ತೋರಿಸಿದಾಗ ಗಡಿಯಾರ ಎಂದಿನಂತೆ ಸದ್ದು ಮಾಡಿತು. ಅಭಿಮಾನಿಗಳು ಇದನ್ನು ಹಿಡಿದೇ, ಮೌನ ಸಿಗಲಿಲ್ಲವಾದ್ದರಿಂದ ಟೋನಿ ಸತ್ತಿಲ್ಲ ಎಂದು ವಾದಿಸತೊಡಗಿದರು. ಏಳನೆಯ ಸೀಸನ್ನಿನಲ್ಲಿ ಅವನು ಜೀವಂತವಾಗಿ ಎದ್ದು ಬಂದ. ವೀಕ್ಷಕರು ಒಂದು ಸದ್ದಿನ ಇರವು ಇಲ್ಲದಿರವಿನಿಂದ ಕಥೆಯ ಭವಿಷ್ಯ ಓದುವಷ್ಟು ಆ ವ್ಯಾಕರಣದಲ್ಲಿ ಪಳಗಿಬಿಟ್ಟಿದ್ದರು.

ಇಲ್ಲಿಯೇ ತೊಡಕಿರುವುದು. ಥ್ರಿಲ್ಲರ್ ಬದುಕುವುದು ನೋಡುವವರಿಗೆ ಮುಂದೇನು ಎಂಬುದು ಗೊತ್ತಾಗದೆ ಇರುವುದರಿಂದ; ಮರುಹುಟ್ಟು ಬದುಕುವುದು ಅವರಿಗೆ ಎಲ್ಲವೂ ಗೊತ್ತಿದೆ ಎಂಬ ಭರವಸೆಯಿಂದ. ಹಾಸ್ಯ ಧಾರಾವಾಹಿಯೊಂದು ಹತ್ತು ವರ್ಷದ ನಂತರ ಮರಳಿದರೆ ಅದೇ ಸೋಫಾ, ಅದೇ ಜಗಳ, ಅದೇ ಚಟಾಕಿಗಳಿದ್ದರೂ ನಡೆಯುತ್ತದೆ, ಏಕೆಂದರೆ ಅಲ್ಲಿ ಪರಿಚಯವೇ ಸುಖ. ಥ್ರಿಲ್ಲರಿಗೆ ಪರಿಚಯವೇ ವಿಷ. ‘ಲೆಗಸಿ’ಯಲ್ಲಿ ಹಳೆಯ ಸರಣಿಯ ಗುರುತುಗಳು ಒಂದೂ ತಪ್ಪದಂತೆ ಹಾಜರಿದ್ದವು: ಬಡಿಯುವ ಗಡಿಯಾರ, ನಾಲ್ಕು ಭಾಗವಾಗುವ ತೆರೆ, ಸಿಟಿಯು ಎಂಬ ಭಯೋತ್ಪಾದನೆ ನಿಗ್ರಹ ಘಟಕ, ಅಲ್ಲಿನ ದೂರವಾಣಿಯ ಆ ವಿಚಿತ್ರ ರಿಂಗಣ, ಒಳಗೇ ಇರುವ ದ್ರೋಹಿ, ಮೇಲಧಿಕಾರಿಯ ಅಪ್ಪಣೆ ಮೀರುವ ನಾಯಕ, ಅಪಾಯಕ್ಕೆ ಸಿಲುಕುವ ಹೆಂಡತಿ, ಅಧ್ಯಕ್ಷ ಸ್ಥಾನಕ್ಕೆ ಹೊರಟ ರಾಜಕಾರಣಿ. 2001ರಲ್ಲಿ ಇವು ಒಂದೊಂದೂ ಹೊಸತಾಗಿದ್ದರಿಂದ ಎದೆ ಡವಡವ ಎನ್ನುತ್ತಿತ್ತು. 2017ರಲ್ಲಿ ಅವು ಪರೀಕ್ಷೆಗೆ ಮೊದಲೇ ಕೈಗೆ ಸಿಕ್ಕ ಪ್ರಶ್ನೆಪತ್ರಿಕೆಯಂತಿದ್ದವು. ಪಾತ್ರವೊಂದು ತೆರೆಗೆ ಬಂದ ಐದು ನಿಮಿಷಕ್ಕೆ ಅದು ದ್ರೋಹಿಯೋ, ದ್ರೋಹಿಯೆಂದು ತಪ್ಪಾಗಿ ಶಂಕೆಗೆ ಒಳಗಾಗುವವರೋ ಎಂದು ಹಳೆಯ ವೀಕ್ಷಕರು ಊಹಿಸಬಲ್ಲವರಾಗಿದ್ದರು. ಸೆನೆಟರ್ ಜಾನ್ ಡೊನೊವನ್ನನ ಪ್ರಚಾರ ತಂಡದ ಮುಸ್ಲಿಂ ಅಧಿಕಾರಿಯ ಮೇಲೆ ಮೊದಲು ಬೆರಳು ತೋರಿಸಿ, ಕೊನೆಗೆ ಗುಟ್ಟು ಸೋರಿಸಿದ್ದು ಸೆನೆಟರನ ತಂದೆಯೇ ಎಂದು ಬಯಲು ಮಾಡಿದಾಗ ಬೆಚ್ಚಿಬಿದ್ದವರು ಎಷ್ಟು ಮಂದಿಯೋ!

ಇದರ ಬೇರು ಮೂಲ ಸರಣಿಯಲ್ಲೇ ಇದೆ ಎಂಬುದನ್ನು ಒಪ್ಪಬೇಕು. ಅಚ್ಚರಿಗೂ ಹಣದಂತೆಯೇ ಉಬ್ಬರವುಂಟು. ಮೊದಲ ಸೀಸನ್ನಿನಲ್ಲಿ ದ್ರೋಹಿ ಪಕ್ಕದ ಮೇಜಿನ ಸಹೋದ್ಯೋಗಿಯಾಗಿದ್ದರೆ, ಐದನೆಯದರಲ್ಲಿ ಸಂಚಿನ ಮೂಲ ದೇಶದ ಅಧ್ಯಕ್ಷನೇ ಆದ. ಎರಡನೆಯ ಸೀಸನ್ನಿನಲ್ಲಿ ಅಣುಬಾಂಬನ್ನು ಮರುಭೂಮಿಗೆ ಒಯ್ದು ಬೀಳಿಸಲು ಒಬ್ಬ ಮನುಷ್ಯ ಪ್ರಾಣ ಕೊಟ್ಟ, ಮತ್ತು ಆ ಸಾವಿಗಾಗಿ ಸಂಚಿಕೆಗಟ್ಟಲೆ ಸಿದ್ಧತೆ ನಡೆದಿತ್ತು. ಆರನೆಯದರಲ್ಲಿ ಬಾಂಬು ಊರಿನ ಮೇಲೇ ಸಿಡಿದು ಸಾವಿರಾರು ಮಂದಿ ಸತ್ತರೂ, ಮುಂದಿನ ತಾಸು ಬೇರೊಂದು ಬೆನ್ನಟ್ಟುವಿಕೆಗೆ ತಿರುಗಿತು. ಐದನೆಯ ಸೀಸನ್ನಿಗೆ 2006ರಲ್ಲಿ ಅತ್ಯುತ್ತಮ ಸರಣಿಯ ಎಮ್ಮಿ ಪ್ರಶಸ್ತಿ ಬಂತು, ಸದರ್ಲೆಂಡ್ ಅವರಿಗೂ ಬಂತು. ಅದು ಶಿಖರ; ಆಚೆಗೆ ಇದ್ದದ್ದು ಇಳಿಜಾರು. ಮೂಲದಲ್ಲಿ ದೋಷವೇ ಇರಲಿಲ್ಲ ಎಂದೂ ಅಲ್ಲ. ಟೆರಿಗೆ ನೆನಪು ಹೋಗುವ ಪ್ರಸಂಗವನ್ನೂ, ಎರಡನೆಯ ಸೀಸನ್ನಿನಲ್ಲಿ ಜ್ಯಾಕ್‌ನ ಮಗಳು ಕಿಮ್ ಕಾಡಿನಲ್ಲಿ ಚಿರತೆಯಂಥ ಪ್ರಾಣಿಗೆ ಎದುರಾಗುವ ಪ್ರಸಂಗವನ್ನೂ ಅದರ ಭಕ್ತರೇ ಇಂದಿಗೂ ನಗುತ್ತ ನೆನೆಯುತ್ತಾರೆ. ನೆನಪು ಒಳ್ಳೆಯದನ್ನಷ್ಟೇ ಸೋಸಿ ಇಟ್ಟುಕೊಳ್ಳುತ್ತದೆ, ಮತ್ತು ಮರುಹುಟ್ಟು ಸ್ಪರ್ಧಿಸಬೇಕಾದದ್ದು ಆ ಸೋಸಿದ ನೆನಪಿನೊಡನೆ.

ಆದರೂ ವೇಗದ ವಿಷಯದಲ್ಲಿ ಹೊಸ ಸರಣಿಯ ತಪ್ಪನ್ನು ನೆನಪಿನ ಮೇಲೆ ಹೊರಿಸಲಾಗದು. 2001ರ ಮೊದಲ ಸಂಚಿಕೆಯನ್ನು ಈಗ ತೆಗೆದು ನೋಡಿದರೆ, ಕೌಲಾಲಂಪುರದ ಪುಟ್ಟ ದೃಶ್ಯವೊಂದರ ನಂತರ ಕಾಣುವುದು ಮನೆಯೊಳಗೆ ಮಗಳೊಡನೆ ಚದುರಂಗ ಆಡುತ್ತಿರುವ ಒಬ್ಬ ಅಪ್ಪ. ಗಂಡ ಹೆಂಡಿರ ನಡುವೆ ಬಿರುಕು ಬಿಟ್ಟು ಈಗಷ್ಟೇ ಕೂಡಿಕೊಳ್ಳುತ್ತಿದೆ, ಮಗಳಿಗೆ ಅಮ್ಮನ ಮೇಲೆ ಸಿಟ್ಟಿದೆ, ಅಪ್ಪನಿಗೆ ಇಬ್ಬರನ್ನೂ ಸರಿದೂಗಿಸುವ ತಾಪತ್ರಯ. ಕೋಣೆಗೆ ಹೋದ ಮಗಳು ಕಿಟಕಿಯಿಂದ ಹಾರಿ ಹೋಗಿರುವುದು ಗೊತ್ತಾಗುವಷ್ಟರಲ್ಲಿ ನಮಗೆ ಆ ಮನೆ ಪರಿಚಿತವಾಗಿರುತ್ತದೆ. ಕಚೇರಿಯಿಂದ ಕರೆ ಬಂದು ಅವನು ಹೊರಟಾಗ, ಅವನು ಬಿಟ್ಟುಹೋಗುತ್ತಿರುವುದೇನು ಎಂಬುದು ನಮಗೆ ತಿಳಿದಿರುತ್ತದೆ. ‘ಲೆಗಸಿ’ ಶುರುವಾಗುವುದು ಸೈನಿಕನೊಬ್ಬನ ಮನೆಯ ಕೊಲೆಗಳಿಂದ. ಕೆಲವೇ ನಿಮಿಷಗಳಲ್ಲಿ ಎರಿಕ್ ಕಾರ್ಟರನ ಮನೆಗೂ ಗುಂಡು ಹೊಡೆಯುವವರು ನುಗ್ಗಿರುತ್ತಾರೆ. ಅವನ ಹೆಂಡತಿಯ ಹೆಸರು ನಮ್ಮ ಕಿವಿಗೆ ಬೀಳುವುದಕ್ಕೂ ಅವಳು ಪ್ರಾಣಭಯದಿಂದ ಓಡುವುದಕ್ಕೂ ನಡುವೆ ಉಸಿರಾಡುವಷ್ಟೂ ಅಂತರವಿಲ್ಲ. ಹಾಕಿನ್ಸ್ ಒಳ್ಳೆಯ ನಟ; ಅವರ ಕಣ್ಣಿನಲ್ಲಿ ಯುದ್ಧದಿಂದ ಮರಳಿ ಮನೆಯೊಳಗೆ ಹೊಂದಿಕೊಳ್ಳಲಾಗದವನ ಚಡಪಡಿಕೆ ಕಾಣುತ್ತದೆ. ಚಿತ್ರಕಥೆ ಅದನ್ನು ಒಂದು ಸಂಜೆಯ ಮಟ್ಟಿಗಾದರೂ ಬೆಳೆಯಲು ಬಿಡಬೇಕಿತ್ತು. ಅಪಾಯವನ್ನು ಮೊದಲು ತಂದು ಮನುಷ್ಯರನ್ನು ಆಮೇಲೆ ತಂದರೆ, ಗುಂಡಿನ ಸದ್ದು ಎಷ್ಟೇ ಜೋರಾಗಿದ್ದರೂ ಅದು ಬೇರೆಯವರ ಮನೆಯ ಗಲಾಟೆಯಾಗಿಯೇ ಉಳಿಯುತ್ತದೆ.

ಸಂಚಿಕೆಗಳ ಸಂಖ್ಯೆಯ ಕಡಿತ ಇನ್ನೂ ಗಂಭೀರವಾದ ಕೆಲಸ ಮಾಡಿತು. 24 ತಾಸುಗಳ ಕಥೆಯನ್ನು 12 ಸಂಚಿಕೆಗಳಲ್ಲಿ ಹೇಳುವುದಾದರೆ ಎಲ್ಲೋ ಒಂದು ಕಡೆ ಗಡಿಯಾರ ನೆಗೆಯಲೇಬೇಕು. ‘ಲಿವ್ ಅನದರ್ ಡೇ’ಯ ಕೊನೆಯ ಸಂಚಿಕೆ ರಾತ್ರಿ 10ರಿಂದ ಮರುದಿನ ಬೆಳಿಗ್ಗೆ 11ರವರೆಗಿನದು, ‘ಲೆಗಸಿ’ಯ ಕೊನೆಯ ಸಂಚಿಕೆ ರಾತ್ರಿ 11ರಿಂದ ಮರುದಿನ ಮಧ್ಯಾಹ್ನ 12ರವರೆಗಿನದು. ಅಂದರೆ ಎರಡರಲ್ಲೂ 12 ತಾಸುಗಳನ್ನು ಒಂದೇ ಹಾರಿಗೆ ದಾಟಿಸಲಾಯಿತು. ಮೇಲ್ನೋಟಕ್ಕೆ ಇದು ಸಣ್ಣ ರಿಯಾಯಿತಿ, ದಣಿದ ಕಥೆಗೆ ಒಂದು ಸಮಾರೋಪ ಸಿಕ್ಕಿತಲ್ಲ ಎನ್ನಬಹುದು. ಆದರೆ ‘24’ರ ಇಡೀ ಮರ್ಯಾದೆ ನಿಂತದ್ದೇ ತಾನು ನೆಗೆಯುವುದಿಲ್ಲ ಎಂಬ ಹಟದ ಮೇಲೆ. ಬೇಸರದ ನಿಮಿಷಗಳನ್ನೂ, ಕಾಯುವ ನಿಮಿಷಗಳನ್ನೂ, ಏನೂ ಮಾಡಲಾಗದೆ ಫೋನಿನ ಪಕ್ಕ ಕೂರುವ ನಿಮಿಷಗಳನ್ನೂ ಅದು ಎಣಿಸಿಕೊಡುತ್ತಿತ್ತು. ಆ ಹಟ ಬಿಟ್ಟ ಮೇಲೆ ತೆರೆಯ ಮೇಲಿನ ಅಂಕಿಗಳು ಅಲಂಕಾರವಾದವು. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಿತು ಎಂಬ ಗಾದೆ ಇಲ್ಲಿ ನೆನಪಾದರೆ, ವಾಹಿನಿಯ ಹೆಸರೂ ನರಿಯೇ ಆಗಿರುವುದು ಕೇವಲ ಕಾಕತಾಳೀಯ.

ವೀಕ್ಷಕರ ನಂಬಿಕೆ ಒಡೆಯುವ ಇನ್ನೊಂದು ಬಗೆ ‘24’ಕ್ಕೆ ಮಾತ್ರ ಸೇರಿದ್ದಲ್ಲ; ಅದು ಸತ್ತವರನ್ನು ಎಬ್ಬಿಸುವುದು. ‘ಲೆಗಸಿ’ಯ ಕಥೆಗೆ ಅಡಿಪಾಯ, ಕಾರ್ಟರನ ಸೇನಾ ತುಕಡಿ ಬಿನ್-ಖಾಲಿದ್ ಎಂಬ ಭಯೋತ್ಪಾದಕ ನಾಯಕನನ್ನು ಕೊಂದಿತು ಮತ್ತು ಅವನ ಕಡೆಯವರು ಆ ಸೈನಿಕರ ಮೇಲೆ ಸೇಡು ತೀರಿಸಿಕೊಳ್ಳುತ್ತಿದ್ದಾರೆ ಎಂಬುದು. ಸರಣಿ ಮುಕ್ಕಾಲು ದಾರಿ ಸವೆಸುವಷ್ಟರಲ್ಲಿ ಆ ನಾಯಕ ಸತ್ತೇ ಇರಲಿಲ್ಲ ಎಂದಾಯಿತು. ಹಳೆಯ ಅಭಿಮಾನಿಗಳಿಗೆ ಉಡುಗೊರೆ ಎಂಬಂತೆ ಕರೆತಂದ ಟೋನಿ ಅಲ್ಮೇಡಾ ಕೂಡ ಒಮ್ಮೆ ಸತ್ತು ಬಂದವನೇ. ಅದೇ 2017ರ ಏಪ್ರಿಲ್‌ನಲ್ಲಿ ಅದೇ ವಾಹಿನಿಯಲ್ಲಿ ‘ಪ್ರಿಸನ್ ಬ್ರೇಕ್’ ಒಂಬತ್ತು ಸಂಚಿಕೆಗಳ ಮಟ್ಟಿಗೆ ಮರಳಿತು. 2009ರಲ್ಲಿ ಸಮಾಧಿಯ ಕಲ್ಲಿನ ಮೇಲೆ ಹೆಸರು ತೋರಿಸಿ ಬೀಳ್ಕೊಟ್ಟಿದ್ದ ನಾಯಕ ಮೈಕಲ್ ಸ್ಕೋಫೀಲ್ಡ್ ಈಗ ಯೆಮನ್ನಿನ ಜೈಲಿನಲ್ಲಿ ಪತ್ತೆಯಾದ. 2016ರ ಫೆಬ್ರವರಿಯಲ್ಲಿ ‘ಎಕ್ಸ್-ಫೈಲ್ಸ್’ ತನ್ನ ಆರು ಸಂಚಿಕೆಗಳ ಮರುಪ್ರವೇಶವನ್ನು ಮಹಾಮಾರಿಯ ನಡುವೆ, ಸೇತುವೆಯ ಮೇಲೆ, ಬಾನಿನಿಂದ ಇಳಿದ ಬೆಳಕಿನಲ್ಲಿ ನಿಲ್ಲಿಸಿ ಹೋಯಿತು; ಸುಮಾರು ಎರಡು ವರ್ಷ ಕಾದು 2018ರ ಜನವರಿಯಲ್ಲಿ ಕೂತವರಿಗೆ, ಅದೆಲ್ಲ ನಾಯಕಿ ಸ್ಕಲ್ಲಿಗೆ ಕಂಡ ದರ್ಶನ ಎಂದು ತಿಳಿಸಲಾಯಿತು. ‘ಡೆಕ್ಸ್‌ಟರ್’ ಇನ್ನೂ ಒಂದು ಹೆಜ್ಜೆ ಮುಂದೆ: 2013ರ ಕೊನೆ ಯಾರಿಗೂ ಹಿಡಿಸಲಿಲ್ಲವೆಂದು 2021ರಲ್ಲಿ ‘ನ್ಯೂ ಬ್ಲಡ್’ ತಂದು, 2022ರ ಜನವರಿಯಲ್ಲಿ ಮಗನ ಕೈಯಲ್ಲೇ ನಾಯಕನನ್ನು ಕೊಲ್ಲಿಸಿ, ಅದೂ ಹಿಡಿಸಲಿಲ್ಲವೆಂದು 2025ರಲ್ಲಿ ಅವನನ್ನು ಬದುಕಿಸಿತು.

ಬರೆಯುವವರ ಕಡೆಯಿಂದ ನೋಡಿದರೆ ಇದೊಂದು ಸುಲಭದ ಬಾಗಿಲು. ನೋಡುವವರ ಕಡೆಯಿಂದ ನೋಡಿದರೆ, ಅಂದು ಬಿಕ್ಕಿದ ಅಳುವನ್ನು ವಾಪಸು ಕೇಳಿದಂತೆ. ಮೈಕಲ್ ಮರಳಿದ್ದು ಹಲವರಿಗೆ ಮೊದಲ ಕ್ಷಣದಲ್ಲಿ ಸಂತೋಷವನ್ನೇ ಕೊಟ್ಟಿತು, ಸುಳ್ಳಲ್ಲ. ಆದರೆ ಮುಂದಿನ ಸಂಚಿಕೆಯಲ್ಲಿ ಯಾರ ಎದೆಗೆ ಬಂದೂಕು ಹಿಡಿದರೂ ಕೈ ನಡುಗುವುದಿಲ್ಲ. ಸತ್ತರೂ ಬರುತ್ತಾರೆ ಬಿಡಿ ಎಂಬ ಉದಾಸೀನ ಮೂಡುತ್ತದೆ. ಮರುಹುಟ್ಟಿನ ಬಗೆಗಿನ ಸಿಟ್ಟು ಬಹಳ ಸಲ ಹೊಸ ಕಥೆಯ ಮೇಲಿನದಲ್ಲ, ಅದು ಹಳೆಯದಕ್ಕೆ ಹಿಂದಿನಿಂದ ಬಂದು ಮಾಡಿದ ಹಾನಿಯ ಮೇಲಿನದು. ಹೊಸದು ಕೆಟ್ಟದಾಗಿದ್ದರೆ ನೋಡದೆ ಬಿಡಬಹುದಿತ್ತಲ್ಲ, ಮೂಲ ಇದ್ದೇ ಇದೆಯಲ್ಲ ಎಂದು ಕೆಲವರು ಸಮಾಧಾನ ಹೇಳುವುದುಂಟು. ಸಾವೇ ಒಂದು ಕಥೆಯ ತೂಕವಾಗಿದ್ದಾಗ ಆ ಸಮಾಧಾನ ನಿಲ್ಲದು.

ಕಾಲ ಬದಲಾದದ್ದೂ ಒಂದು ಕಾರಣ. ಮೂಲ ಸರಣಿಯ ಚಿತ್ರೀಕರಣ ಶುರುವಾದದ್ದು 2001ರ ಸೆಪ್ಟೆಂಬರ್ 11ರ ದಾಳಿಗೆ ಮೊದಲು. ಮೊದಲ ಸೀಸನ್ನಿನ ಖಳರು ಬಾಲ್ಕನ್ ಪ್ರದೇಶದವರು. ದಾಳಿಯ ನಂತರ ಪ್ರಸಾರವನ್ನು ಒಂದು ವಾರ ಮುಂದೂಡಿ, ವಿಮಾನ ಸ್ಫೋಟದ ದೃಶ್ಯಕ್ಕೆ ಕತ್ತರಿ ಹಾಕಲಾಯಿತು. ಆಮೇಲಿನ ವರ್ಷಗಳಲ್ಲಿ ಆ ದೇಶದ ಭಯ ಮತ್ತು ಆ ಸರಣಿಯ ಭಯ ಒಂದೇ ಆಗಿ ಹೋದವು. ಎಷ್ಟರ ಮಟ್ಟಿಗೆ ಎಂದರೆ, 2006ರ ನವೆಂಬರ್‌ನಲ್ಲಿ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ಡೀನ್ ಆಗಿದ್ದ ಬ್ರಿಗೇಡಿಯರ್ ಜನರಲ್ ಪ್ಯಾಟ್ರಿಕ್ ಫಿನ್ನೆಗನ್, ಅನುಭವಿ ವಿಚಾರಣಾಧಿಕಾರಿಗಳನ್ನು ಜೊತೆಗೆ ಕರೆದುಕೊಂಡು ಸರಣಿಯ ತಂಡವನ್ನು ಭೇಟಿಯಾಗಿ, ಚಿತ್ರಹಿಂಸೆಯಿಂದ ಸತ್ಯ ಹೊರಬರುತ್ತದೆ ಎಂದು ತೋರಿಸುವುದನ್ನು ಕಡಿಮೆ ಮಾಡಿ, ನಮ್ಮ ವಿದ್ಯಾರ್ಥಿಗಳ ಮೇಲೆ ಇದು ಪರಿಣಾಮ ಬೀರುತ್ತಿದೆ ಎಂದು ಕೇಳಿಕೊಂಡರು. 2009ರಲ್ಲಿ ಬಂದ ಏಳನೆಯ ಸೀಸನ್ ಜ್ಯಾಕ್ ಬಾವರನನ್ನು ಸೆನೆಟ್ ಸಮಿತಿಯ ಮುಂದೆ ಕೂರಿಸಿ ಅದೇ ಪ್ರಶ್ನೆಯನ್ನು ಅವನಿಗೆ ಕೇಳಿಸಿತು. ಅಂದರೆ ಮೂಲ ಸರಣಿ ತನ್ನ ತಪ್ಪಿನೊಡನೆಯೇ ವಾದಕ್ಕೆ ಇಳಿದಿತ್ತು, ತೃಪ್ತಿಕರವಾಗಿಯೋ ಅಲ್ಲವೋ ಬೇರೆ ಮಾತು. ‘ಲೆಗಸಿ’ ಪ್ರಸಾರವಾಗುವ ಕೇವಲ ಒಂಬತ್ತು ದಿನ ಮೊದಲು, 2017ರ ಜನವರಿ 27ರಂದು, ಏಳು ಮುಸ್ಲಿಂ ಬಹುಸಂಖ್ಯಾತ ದೇಶಗಳ ಪ್ರಜೆಗಳ ಪ್ರವೇಶಕ್ಕೆ ತಡೆಯೊಡ್ಡುವ ಅಧ್ಯಕ್ಷೀಯ ಆದೇಶ ಹೊರಟಿತ್ತು, ವಿಮಾನ ನಿಲ್ದಾಣಗಳಲ್ಲಿ ಪ್ರತಿಭಟನೆ ನಡೆದಿತ್ತು. ಆ ಹೊತ್ತಿನಲ್ಲಿ ಹೊಸ ಸರಣಿ ಚೆಚನ್ಯಾ ಮೂಲದ ಶಾಲಾ ಹುಡುಗಿಯೊಬ್ಬಳನ್ನು ಗುಪ್ತ ಭಯೋತ್ಪಾದಕಿಯಾಗಿ ತೆರೆಗೆ ತಂದಾಗ, ಹದಿನೈದು ವರ್ಷ ಹಿಂದಿನ ಭಯವನ್ನು ಧೂಳು ಕೂಡ ಒರೆಸದೆ ಮುಂದಿಟ್ಟಂತಾಯಿತು. ಹಳೆಯ ಅಭಿಮಾನಿಗಳಲ್ಲೇ ಹಲವರಿಗೆ ಅದು ರುಚಿಸಲಿಲ್ಲ. ರಾಜಕೀಯ ಬೇಡವೆನ್ನುವವರಿಗೂ ಅದು ಹಳಸಲಾಗಿ ಕಂಡಿತು.

ಇಷ್ಟಾದರೂ ವಾಹಿನಿಗಳು ಹಳೆಯ ಹೆಸರುಗಳ ಬೆನ್ನು ಬಿಡದಿರುವುದು ಏಕೆ ಎಂಬುದಕ್ಕೆ ಉತ್ತರ ಸರಳ. ನೂರಾರು ಹೊಸ ಸರಣಿಗಳ ನಡುವೆ ಅಪರಿಚಿತ ಹೆಸರೊಂದನ್ನು ಜನರ ಕಿವಿಗೆ ಮುಟ್ಟಿಸಲು ಬೇಕಾದ ಪ್ರಚಾರದ ವೆಚ್ಚ ದೊಡ್ಡದು. ಪರಿಚಿತ ಹೆಸರಿಗೆ ಆ ಕೆಲಸ ಆಗಲೇ ಆಗಿರುತ್ತದೆ. 2016ರ ಜನವರಿಯಿಂದ 2017ರ ಏಪ್ರಿಲ್‌ವರೆಗಿನ ಹದಿನೈದು ತಿಂಗಳಲ್ಲಿ ಫಾಕ್ಸ್ ಒಂದೇ ‘ಎಕ್ಸ್-ಫೈಲ್ಸ್’, ‘24’, ‘ಪ್ರಿಸನ್ ಬ್ರೇಕ್’ ಮೂರನ್ನೂ ಹೊರತೆಗೆಯಿತು. ಹಳಬರು ಕೈಬಿಟ್ಟು ಹೋಗಬಾರದು, ಹೊಸಬರೂ ಬರಬೇಕು; ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಈ ಎಚ್ಚರಿಕೆಯಲ್ಲಿ ಹುಟ್ಟಿದ ಸರಣಿಗೆ ನಾಯಕನನ್ನು ಬದಲಿಸುವಷ್ಟು ಧೈರ್ಯವಿರುತ್ತದೆ, ಆದರೆ ಅವನ ಸುತ್ತಲಿನ ಲೋಕವನ್ನು ಬದಲಿಸುವಷ್ಟು ಇರುವುದಿಲ್ಲ.

ಹಾಗೆಂದು ಆ ಸೂತ್ರವೇ ಸತ್ತಿತ್ತೇ? ಇಲ್ಲ ಎನ್ನಲು ನನಗೆ ಕಾಣುವ ಸಾಕ್ಷಿ ನಮ್ಮ ಕಡೆಯದೇ. ಮೂಲ ಸರಣಿಯ ಎಂಟನೆಯ ಸೀಸನ್ನಿನಲ್ಲಿ ಒಮರ್ ಹಸನ್ ಎಂಬ ವಿದೇಶಿ ಅಧ್ಯಕ್ಷನ ಪಾತ್ರ ಮಾಡಿದ್ದ ಅನಿಲ್ ಕಪೂರ್, 2013ರ ಅಕ್ಟೋಬರ್‌ನಲ್ಲಿ ಕಲರ್ಸ್ ವಾಹಿನಿಗೆ ‘24’ರ ಹಿಂದಿ ರೂಪ ತಂದರು, ತಾವೇ ಜೈ ಸಿಂಗ್ ರಾಥೋಡ್ ಆದರು. ಅಧ್ಯಕ್ಷ ಸ್ಥಾನದ ಅಭ್ಯರ್ಥಿಯ ಜಾಗದಲ್ಲಿ ರಾಜಕೀಯ ಮನೆತನದ ಕುಡಿಯೊಬ್ಬ ಪ್ರಧಾನಿಯಾಗಲು ಹೊರಟಿದ್ದ, ಸಿಟಿಯು ಎಟಿಯು ಆಗಿತ್ತು. 24 ಸಂಚಿಕೆಗಳೂ ಇದ್ದವು. ಅತ್ತೆ ಸೊಸೆಯರ ಕಥೆಗಳ ನಡುವೆ ಬಂದ ಈ ಸರಣಿ, ಇಂಗ್ಲಿಷಿನ ಮೂಲವನ್ನು ನೋಡಿರದವರಿಗೆ ನಿಜವಾಗಿಯೂ ಹೊಸತಾಗಿ ಕಂಡಿತು. 2016ರಲ್ಲಿ ಎರಡನೆಯ ಸೀಸನ್ ಕೂಡ ಬಂತು. ಮೂಲ ನೋಡಿದವರು ಮಾತ್ರ ಕಚೇರಿಯ ಹೆಂಗಸಿನ ಮೇಲೆ ಮೊದಲ ದಿನದಿಂದಲೇ ಕಣ್ಣಿಟ್ಟಿದ್ದರು. ಅದೇ ಕಥೆ, ಅದೇ ಗಡಿಯಾರ; ಒಬ್ಬರಿಗೆ ಉಸಿರು ಬಿಗಿಹಿಡಿಸಿದ್ದು ಇನ್ನೊಬ್ಬರಿಗೆ ಉರು ಹೊಡೆದ ಪಾಠ. ಹಳತಾಗುವುದು ಕಥೆಗಿಂತ ಹೆಚ್ಚಾಗಿ ನೋಡುಗನ ಕಣ್ಣು.

ಹಳೆಯ ಕಣ್ಣನ್ನು ಎದುರಿಸಲು ಇನ್ನೊಂದು ದಾರಿಯನ್ನು ‘ಟ್ವಿನ್ ಪೀಕ್ಸ್’ ಎಂಬ ಹಳೆಯ ಪತ್ತೇದಾರಿ ಸರಣಿಯ ಮರುಹುಟ್ಟು ಅದೇ 2017ರಲ್ಲಿ ತೋರಿಸಿತು. ಡೇವಿಡ್ ಲಿಂಚ್ 18 ಭಾಗಗಳನ್ನೂ ತಾವೇ ನಿರ್ದೇಶಿಸಿದರು, ಮತ್ತು ಜನ ಇಪ್ಪತ್ತೈದು ವರ್ಷ ಕಾದಿದ್ದ ಡೇಲ್ ಕೂಪರನನ್ನು ಜನ ಬಯಸಿದ ರೂಪದಲ್ಲಿ ಕೊಡಲು ಖಡಾಖಂಡಿತವಾಗಿ ಒಪ್ಪಲಿಲ್ಲ. ಕಪ್ಪು ಸೂಟಿನ, ಚುರುಕು ಮಾತಿನ ಆ ಪತ್ತೇದಾರ ಪೂರ್ಣ ಎಚ್ಚರದಿಂದ ಎದ್ದು ಕೂತದ್ದು 16ನೆಯ ಭಾಗದಲ್ಲಿ. ಅಲ್ಲಿಯವರೆಗೆ ಮಾತನ್ನೇ ಮರೆತವನಂಥ ಒಬ್ಬ ಮನುಷ್ಯನನ್ನು ವಾರಗಟ್ಟಲೆ ನೋಡಬೇಕಾಯಿತು, ಮತ್ತು ಬೈದವರೂ ಕಡಿಮೆ ಇರಲಿಲ್ಲ. ಆದರೆ ಅದು ಮುಂದೇನಾಗುತ್ತದೋ ತಿಳಿಯದೆ ಬೈದ ಬೈಗಳು. ‘ಲೆಗಸಿ’ಗೆ ಸಿಕ್ಕದ್ದು ಮುಂದೇನಾಗುತ್ತದೆ ಎಂಬುದು ತಿಳಿದೇ ಬಿಟ್ಟ ನಿಟ್ಟುಸಿರು. ಎರಡರಲ್ಲಿ ಥ್ರಿಲ್ಲರಿಗೆ ಹೆಚ್ಚು ಹತ್ತಿರದ್ದು ಮೊದಲನೆಯದೇ.

ಕೊನೆಯದಾಗಿ, ನೋಡುವ ಕ್ರಮವೇ ಬದಲಾದುದನ್ನು ಹೇಳದಿದ್ದರೆ ಮಾತು ಪೂರ್ಣವಾಗದು. 2005ರ ನಾಲ್ಕನೆಯ ಸೀಸನ್ನಿನಿಂದ ಫಾಕ್ಸ್ ಈ ಸರಣಿಯನ್ನು ಜನವರಿಯಿಂದ ಮೇ ವರೆಗೆ ನಡುವೆ ಮರುಪ್ರಸಾರಗಳಿಲ್ಲದೆ ವಾರಕ್ಕೊಂದರಂತೆ ಓಡಿಸುತ್ತಿತ್ತು. ಒಂದು ದಿನದ ಕಥೆ ನೋಡಿ ಮುಗಿಸಲು ಐದು ತಿಂಗಳು ಬೇಕಾಗುತ್ತಿತ್ತು. ಆ ವಾರಗಳ ಕಾಯುವಿಕೆಯಲ್ಲಿ ಸಹೋದ್ಯೋಗಿಗಳು, ಸ್ನೇಹಿತರು ಕೂತು ದ್ರೋಹಿ ಯಾರೆಂದು ತರ್ಕ ಮಾಡುತ್ತಿದ್ದರು. ಅದೇ ಸರಣಿಯ ಡಿವಿಡಿಗಳು 2002ರಿಂದಲೇ ಬಂದು, ರಾತ್ರಿಯಿಡೀ ಕೂತು ನೋಡುವ ಚಟ ಹಚ್ಚಿದವುಗಳಲ್ಲಿ ಮೊದಲಿನವಾದವು ಎಂಬುದೂ ನಿಜ. ತಾನೇ ಕಲಿಸಿದ ಆ ಅಭ್ಯಾಸದೊಳಗೆ ‘24’ ಇಂದು ಸ್ಟ್ರೀಮಿಂಗ್ ವೇದಿಕೆಗಳಲ್ಲಿ ಜಾಹೀರಾತಿಲ್ಲದೆ ಸಿಗುತ್ತದೆ. 43 ನಿಮಿಷದಲ್ಲಿ ಒಂದು ತಾಸು ಮುಗಿಯುತ್ತದೆ, ಗಡಿಯಾರ 14 ನಿಮಿಷದಿಂದ 18ಕ್ಕೆ ಕಾರಣವಿಲ್ಲದೆ ಹಾರುತ್ತದೆ, ಆ ನಾಲ್ಕು ನಿಮಿಷ ಎಲ್ಲಿ ಹೋಯಿತೆಂದು ಹೊಸಬರು ಕೇಳುತ್ತಾರೆ. ಮೊದಲ ಸೀಸನ್ನಿನ ಕೊನೆಯಲ್ಲಿ ಜ್ಯಾಕ್ ಬಾವರ್ ಹೆಂಡತಿಯ ದೇಹವನ್ನು ತಬ್ಬಿ ಕೂತಿರುತ್ತಾನೆ, ಅಂಕಿಗಳು ಸದ್ದಿಲ್ಲದೆ ಸರಿದು ಮಧ್ಯರಾತ್ರಿ ತಲುಪುತ್ತವೆ. ತೆರೆ ಕಪ್ಪಾಗುವಷ್ಟರಲ್ಲಿ ಮೂಲೆಯಲ್ಲಿ ಇನ್ನೊಂದು ಪುಟ್ಟ ಗಡಿಯಾರ ಮೂಡಿ, ಮುಂದಿನ ಸೀಸನ್ ಶುರುವಾಗಲು ಉಳಿದ ಸೆಕೆಂಡುಗಳನ್ನು ಎಣಿಸತೊಡಗುತ್ತದೆ.